ಅಪ್ಪನಿಗೆ ಅಂಚಿನ ಸೀಟು

ಅಕ್ಕ: ಮಾಲೂರಿಂದ ವಾರದ ನಡುವೆ ಬಂದಿದ್ದೀಯ ಅಂದ್ರೆ ಸುಮ್ಮನೆ ಬಂದಿಲ್ಲ ಬಿಡು. ಅಪ್ಪನ ಮುಖದಲ್ಲೂ ಬೆಳಗ್ಗೆಯಿಂದ ಏನೋ ಕಳೆ. ಇಬ್ಬರೂ ಸೇರಿ ಏನು ಹೂಡಿದ್ದೀರಿ?

ತಮ್ಮ: ಹೂಡಿದ್ದು ಅವರೇ ಅಕ್ಕ. ಮೊನ್ನೆ ರಾತ್ರಿ ಫೋನ್ ಮಾಡಿದ್ರು. ‘ಬೆಂಗಳೂರು ಎಫ್‌ಸಿಯ ಛೆಟ್ರಿ ಫುಟ್‌ಬಾಲ್ ಬಿಡೋ ಮುಂಚೆ ಒಂದು ಸಲ ಕಣ್ಣಾರೆ ನೋಡಬೇಕು. ಟಿವೀಲಿ ಅಲ್ಲ, ಕಂಠೀರವ ಸ್ಟೇಡಿಯಮ್ಮಲ್ಲಿ. ನೀನು ಕರ್ಕೊಂಡು ಹೋಗ್ತೀಯೋ, ಇಲ್ಲಾ ನಾನೇ ಶ್ರೀನಿವಾಸಪುರದ ಬಸ್ ಸ್ಟ್ಯಾಂಡಲ್ಲಿ ಬೆಂಗಳೂರು ಬಸ್ ಹತ್ತಲೋ’ ಅಂದ್ರು.

ಅಕ್ಕ: ಹತ್ತೇ ಹತ್ತುತ್ತಾರೆ, ಆ ಮನುಷ್ಯನ್ನ ನಂಬೋಕಾಗಲ್ಲ. ಆದರೆ ನೀನು ಎಂಟು ದಿನಕ್ಕೊಂದು ಸಲ ಬಂದು ನೋಡ್ತೀಯ, ನಾನು ದಿನಾ ನೋಡ್ತೀನಿ. ಎಂಬತ್ತು ದಾಟಿದೆ. ಎಡ ಮಂಡಿ ಪೂರ್ತಿ ಬಗ್ಗಲ್ಲ. ಕೆಜಿಎಫ್ ಮೈನ್ಸಿನ ದೂಳು ಕುಡಿದ ಎದೆ. ಚಳಿಗಾಲ ಬಂತು ಅಂದ್ರೆ ರಾತ್ರಿಯೆಲ್ಲ ಕೆಮ್ಮು. ಹೋದ ವರ್ಷ ಬಚ್ಚಲಲ್ಲಿ ಜಾರಿದ್ದು ನೆನಪಿದೆ ತಾನೆ? ಮೂಳೆ ಮುರೀಲಿಲ್ಲ ಅನ್ನೋದೇ ನಮ್ಮ ಪುಣ್ಯ.

ತಮ್ಮ: ನೆನಪಿದೆ. ಬಿದ್ದಿದ್ದು ಎಲ್ಲಿ? ಮನೆಯೊಳಗೆ, ಹಗಲು ಹೊತ್ತು, ನೀನು ಅಡುಗೆಮನೇಲಿ ಇದ್ದಾಗ. ಮನೇಲಿ ಕೂರಿಸಿದ್ರೆ ಕ್ಷೇಮ ಅಂತ ನಾವು ಅಂದ್ಕೊಳ್ತೀವಿ, ಅಷ್ಟೆ. ಕೂತೂ ಕೂತೂ ತೊಡೇಲಿದ್ದ ಶಕ್ತೀನೂ ಇಳಿದುಹೋಗುತ್ತೆ. ಇದನ್ನ ನನಗೆ ಹೇಳಿಕೊಟ್ಟವಳೇ ನೀನು.

ಅಕ್ಕ: ನಾನು ಹೇಳಿದ್ದು ಬೀದಿ ಕೊನೇವರೆಗೆ ನಡೆಸು ಅಂತ. ಸ್ಟೇಡಿಯಮ್ಮಿಗೆ ಹತ್ತಿಸು ಅಂತ ಅಲ್ಲ. ನನ್ನ ನಿಜವಾದ ಭಯ ಬೇರೇನೇ ಇದೆ ಕಣೋ. 2025ರ ಜೂನ್ 4ರಂದು ಚಿನ್ನಸ್ವಾಮಿ ಸ್ಟೇಡಿಯಮ್ಮಿನ ಗೇಟುಗಳ ಹತ್ತಿರ ಕಾಲ್ತುಳಿತದಲ್ಲಿ 11 ಜನ ಸತ್ತರು. ಕಾಲಲ್ಲಿ ಕಸುವಿದ್ದ ಎಳೇ ವಯಸ್ಸಿನವರು. ಕಬ್ಬನ್ ಪಾರ್ಕಿನ ಆ ಕಡೆ ಚಿನ್ನಸ್ವಾಮಿ, ಈ ಕಡೆ ಕಂಠೀರವ. ಅಂಥ ನೂಕುನುಗ್ಗಲಲ್ಲಿ ಅಪ್ಪನ ಕೈ ತಪ್ಪಿದ್ರೆ?

ತಮ್ಮ: ಆ ಭಯವನ್ನ ತಳ್ಳಿಹಾಕಲ್ಲ. ಆ ದಿನದ ಸುದ್ದಿ ನೋಡಿ ನಾನೂ ನಮ್ಮ ಸ್ಕೂಲ್ ಮಕ್ಕಳನ್ನ ಕೂರಿಸಿಕೊಂಡು ಮಾತಾಡಿದ್ದೆ. ಅಲ್ಲಿ ನಡೆದಿದ್ದು ಕ್ರಿಕೆಟ್ ತಂಡದ ಗೆಲುವಿನ ಸಂಭ್ರಮ. ಒಳಗೆ ಹಿಡಿಸೋದಕ್ಕಿಂತ ಎಷ್ಟೋ ಪಟ್ಟು ಜನ ಹೊರಗಿದ್ರು. ಯಾರಿಗೆ ಪ್ರವೇಶ ಉಂಟು, ಯಾರಿಗೆ ಇಲ್ಲ ಅನ್ನೋದೇ ತಿಳೀದ ಗೊಂದಲ. ಫುಟ್‌ಬಾಲ್ ಲೀಗ್ ಪಂದ್ಯದ ದಿನ ಹಾಗಿರಲ್ಲ. ಟಿಕೆಟ್ ಮೊದಲೇ ಕೈಲಿರುತ್ತೆ, ಯಾವ ಸ್ಟ್ಯಾಂಡು ಅಂತ ಅದರ ಮೇಲೇ ಇರುತ್ತೆ. ಆದರೂ ಒಂದು ಮಾತು ಒಪ್ಕೊಳ್ತೀನಿ: ಕೇರಳ ಬ್ಲಾಸ್ಟರ್ಸ್ ಬಂದ ದಿನ ಬೇಡ. ಅವತ್ತು ಎರಡೂ ಕಡೆಯ ಅಭಿಮಾನಿಗಳು ತುಂಬಿ ತುಳುಕ್ತಾರೆ, ಕೂಗಾಟಕ್ಕೆ ಕಿವಿ ಕಿವುಡಾಗುತ್ತೆ. ಹೆಚ್ಚು ಜಿದ್ದಿಲ್ಲದ ತಂಡ ಬರೋ ದಿನ ನೋಡಿ ಟಿಕೆಟ್ ತಗೊಳ್ಳೋಣ. ಛೆಟ್ರಿ ಆಡೋದು ಅವತ್ತೂ ಅದೇ ಕಾಲಲ್ಲಿ.

ಅಕ್ಕ: ಟಿವೀಲಿ ಇನ್ನೂ ಚೆನ್ನಾಗಿ ಕಾಣುತ್ತಲ್ಲೋ. ಕಂಠೀರವದಲ್ಲಿ ಮೈದಾನದ ಸುತ್ತ ಓಟದ ಟ್ರ್ಯಾಕ್ ಇದೆ, ಆಟಗಾರರು ದೂರ ಕಾಣ್ತಾರೆ ಅಂತ ನೀನೇ ಹೇಳಿದ್ದೆ.

ತಮ್ಮ: ಹೌದು, ದೂರ. 1997ರ ರಾಷ್ಟ್ರೀಯ ಕ್ರೀಡಾಕೂಟದ ಹೊತ್ತಿಗೆ ಅಥ್ಲೆಟಿಕ್ಸನ್ನೂ ಲೆಕ್ಕಕ್ಕಿಟ್ಟು ಸಜ್ಜು ಮಾಡಿದ ಕ್ರೀಡಾಂಗಣ ಅದು. ಆದರೆ ಅಪ್ಪ ನೋಡೋದು ಮುಖ ಅಲ್ಲ ಅಕ್ಕ. ಚೆಂಡು ಒಂದು ಕಡೆ ಇದ್ದಾಗ ಇನ್ನೊಂದು ಕಡೆಯವನು ಎಲ್ಲಿ ನಿಂತಿದಾನೆ, ಹಿಂದಿನವರು ಯಾವಾಗ ಮೇಲೆ ಬಂದ್ರು, ಯಾರು ಜಾಗ ಖಾಲಿ ಬಿಟ್ರು, ಅದನ್ನ. ಟಿವಿ ಚೆಂಡಿನ ಹಿಂದೆ ಓಡುತ್ತೆ, ಪೂರ್ತಿ ಮೈದಾನ ತೋರಿಸಲ್ಲ. ಮೊನ್ನೆ ಪಂದ್ಯ ನೋಡುವಾಗ ಅವರು ಟಿವಿಗೇ ಬೈದ್ರು, ‘ರೈಟ್ ಔಟ್ ಎಲ್ಲಿದಾನೆ ತೋರಿಸ್ರಪ್ಪ’ ಅಂತ.

ಅಕ್ಕ: ರೈಟ್ ಔಟ್, ರೈಟ್ ಇನ್, ಸೆಂಟರ್ ಫಾರ್ವರ್ಡ್, ಲೆಫ್ಟ್ ಇನ್, ಲೆಫ್ಟ್ ಔಟ್. ಈಗ ಯಾರೂ ಆ ಹೆಸರು ಹೇಳಲ್ಲ ಅಲ್ವಾ? ಚಾಂಪಿಯನ್ ರೀಫಿನ ಲೈನ್ ಮನೇಲಿ ಕೂತು ನನಗೆ ಬೆರಳ ಮೇಲೆ ಎಣಿಸಿ ಕಲಿಸಿದ್ರು. ಮುಂದೆ ಐದು, ನಡುವೆ ಮೂರು, ಹಿಂದೆ ಎರಡು. ಅವರು ರೈಟ್ ಹಾಫ್. ಭಾನುವಾರ ಗ್ರೌಂಡಿಗೆ ನಾನು ಡಬ್ಬೀಲಿ ನಿಂಬೆಹಣ್ಣು ಸೀಳಿ ಉಪ್ಪು ಸವರಿ ತಗೊಂಡು ಹೋಗ್ತಿದ್ದೆ, ಹಾಫ್ ಟೈಮಿಗೆ ಹಂಚೋಕೆ. ನೀನಿನ್ನೂ ಅಮ್ಮನ ಸೊಂಟದ ಮೇಲಿದ್ದೆ.

ತಮ್ಮ: ಅದನ್ನೇ ನಾನು ಹೇಳೋಕೆ ಬಂದಿದ್ದು. ಫುಟ್‌ಬಾಲ್ ಅವರಿಗೆ ಹೊತ್ತು ಕಳೆಯೋ ಆಟ ಅಲ್ಲ. ಜಾನ್ ಟೇಲರ್ ಕಂಪನಿ 1880ರಲ್ಲಿ ಗಣಿ ಕೈಗೆ ತಗೊಂಡ ಮೇಲೆ ಇಂಗ್ಲಿಷಿನವರ ಜತೆ ಅವರ ಆಟಗಳೂ ಬಂದವು. ಕ್ಲಬ್ಬು, ಗಾಲ್ಫ್ ಅವರದಾಯ್ತು. ಫುಟ್‌ಬಾಲನ್ನ ಮಾತ್ರ ಲೈನ್ ಮನೆ ಹುಡುಗರು ತಮ್ಮದು ಮಾಡ್ಕೊಂಡ್ರು. ಅದಕ್ಕೆ ಬೇಕಿದ್ದದ್ದು ಒಂದು ಚೆಂಡು, ಒಂದಿಷ್ಟು ಬಯಲು. ಶಿಫ್ಟ್ ಮುಗಿಸಿ, ಮೈಮೇಲಿನ ದೂಳು ತೊಳೆದುಕೊಂಡು ನೇರ ಗ್ರೌಂಡಿಗೆ. ಮೂರು ಕಿಲೋಮೀಟರಿಗೂ ಹೆಚ್ಚು ಆಳ ಇಳಿದು ಹೋಗಿದ್ದ ಗಣಿ ಅದು. ಕೆಳಗೆ ಬಂಡೆ ಕಾದು ಸುಡ್ತಿತ್ತು, ಯಾವಾಗ ರಾಕ್ ಬರ್ಸ್ಟ್ ಆಗುತ್ತೋ ಹೇಳೋಕಾಗ್ತಿರಲಿಲ್ಲ. ಮೇಲೆ ಬಂದವನಿಗೆ ಬಯಲಲ್ಲಿ ಓಡೋದು ಅಂದ್ರೆ ಇವತ್ತೂ ಬದುಕಿದೀನಿ ಅಂತ ಲೆಕ್ಕ.

ಅಕ್ಕ: ಗಣಿಯ ಕೇಜಲ್ಲಿ ಇಳಿಯೋ ಮುಂಚೆ ದಿನಾ ಅಮ್ಮನ ಮುಖ ನೋಡ್ಕೊಂಡು ಹೋಗ್ತಿದ್ರು.

ತಮ್ಮ: ದಿನಾ ಆ ಕೇಜಲ್ಲಿ ಇಳಿದು ಹತ್ತಿದವರಿಗೆ ಸ್ಟೇಡಿಯಮ್ಮಿನ ಮೆಟ್ಟಿಲು ತೋರಿಸಿ ಹೆದರಿಸೋಕೆ ನಾವ್ಯಾರು? 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿದ್ರು. ಸಂಬಳ ಹೋಯ್ತು. ಲೈನ್ ಮನೆ ಬಿಟ್ಟು ಮುಳಬಾಗಿಲು ಕಡೆಯ ನಮ್ಮ ಹಳ್ಳಿಗೆ ಬಂದು, ಇಲ್ಲದ ಮಳೆ ನಂಬಿಕೊಂಡು ರಾಗಿ ಹಾಕಿದ್ರು. ಅಮ್ಮ ಹೋದ ಮೇಲೆ ಇಲ್ಲಿ ನಿನ್ನ ಮನೆ. ಎಲ್ಲವನ್ನೂ ಬೇರೆಯವರು ನಿರ್ಧಾರ ಮಾಡಿದ್ರು: ಕಂಪನಿ, ಸರ್ಕಾರ, ಆಮೇಲೆ ನಾವು. ತಾವಾಗಿಯೇ ಬಾಯಿಬಿಟ್ಟು ಕೇಳಿದ್ದು ಇದೊಂದೇ.

ಅಕ್ಕ: ಹಾಗೆ ಹೇಳಿ ನನ್ನ ಬಾಯಿ ಮುಚ್ಚಿಸಬೇಡ. ಆಸೆ ಅವರದು, ಸರಿ. ಏನಾದ್ರೂ ಆದ್ರೆ ಆಸ್ಪತ್ರೆ ಬಾಗಿಲಲ್ಲಿ ನಿಂತು ಉತ್ತರ ಹೇಳೋಳು ನಾನು. ‘ನರ್ಸಾಗಿದ್ದುಕೊಂಡು ನೀನೇ ಬಿಟ್ಯಾ’ ಅಂತ ನೆಂಟರೆಲ್ಲ ಕೇಳೋದು ನನ್ನನ್ನ.

ತಮ್ಮ: ನೆಂಟರಿಗೆ ಉತ್ತರ ನಾನು ಹೇಳ್ತೀನಿ. ನಿನ್ನಿಂದ ಬೇಕಾಗಿರೋದು ಅಪ್ಪಣೆ ಅಲ್ಲ, ನಿನ್ನ ಕೆಲಸದ ಬುದ್ಧಿ. ಹೆಂಗೆ ಕರ್ಕೊಂಡು ಹೋದ್ರೆ ಅವರು ಸುಸ್ತಾಗದೆ ವಾಪಸ್ ಬರ್ತಾರೆ? ಅದು ಹೇಳು.

ಅಕ್ಕ: ಹಂಗಾದ್ರೆ ಸರಿಯಾಗಿ ಕೇಳಿಸ್ಕೋ. ಇಲ್ಲಿಂದ ಒಂದೇ ದಿನದಲ್ಲಿ ಬೆಂಗಳೂರಿಗೆ ಹೋಗಿ ಪಂದ್ಯ ನೋಡಿ ವಾಪಸ್ ಬರೋದು ಆಗದ ಮಾತು. ಹಿಂದಿನ ದಿನವೇ ಕೋಲಾರದ ಮೇಲೆ ನಿಮ್ಮ ಮಾಲೂರಿಗೆ ಬರಲಿ. ದಾರೀಲಿ ಕೋಲಾರದ ಎಸ್‌ಎನ್‌ಆರ್ ಆಸ್ಪತ್ರೇಲಿ ಎದೆ, ಬಿಪಿ ಒಂದು ಸಲ ತೋರಿಸಿಕೊಂಡೇ ಹೋಗೋಣ. ರಾತ್ರಿ ನಿಮ್ಮನೇಲಿ ನಿದ್ದೆ. ಪಂದ್ಯದ ದಿನ ಮಧ್ಯಾಹ್ನ ಊಟ ಆದ ಮೇಲೆ ಒಂದು ಗಂಟೆ ಮಲಗಿಸಬೇಕು. ಪಂದ್ಯ ಮುಗಿದ ಮೇಲೂ ಮಾಲೂರೇ. ಶ್ರೀನಿವಾಸಪುರಕ್ಕೆ ಮಾರನೆ ದಿನ.

ತಮ್ಮ: ಮಾಲೂರಿಂದ ರೈಲು?

ಅಕ್ಕ: ಬೇಡ. ಮಾರಿಕುಪ್ಪಂ, ಬಂಗಾರಪೇಟೆ ಕಡೆಯಿಂದ ಬರೋ ಗಾಡಿಗಳು ಮಾಲೂರಿಗೆ ಬರೋ ಹೊತ್ತಿಗೆ ತುಂಬಿರ್ತವೆ. ಮೆಟ್ಟಿಲು, ನೂಕಾಟ, ಇಳಿಯೋಕೆ ನಿಮಿಷ ಇರಲ್ಲ. ಅಪ್ಪನಿಗೆ ರೈಲು ಇಷ್ಟ ಅಂತ ಗೊತ್ತು, ಆದರೆ ಅವತ್ತು ಕಾಲಿನ ಶಕ್ತಿಯನ್ನ ಸ್ಟೇಡಿಯಮ್ಮಿಗೆ ಉಳಿಸಬೇಕು. ಕಾರೇ ಸರಿ. ಅದರಲ್ಲೂ ತೀರಾ ತಗ್ಗಿನ ಕಾರು ಬೇಡ, ಜೀಪಿನ ಹಾಗೆ ಎತ್ತರದ್ದೂ ಬೇಡ. ಸೀಟು ಸೊಂಟದ ಮಟ್ಟಕ್ಕಿರಬೇಕು. ಹತ್ತುವಾಗ ಕಾಲು ಮೊದಲು ಒಳಗೆ ಹಾಕಿಸಬೇಡ. ಬೆನ್ನು ತಿರುಗಿಸಿ ಮೊದಲು ಕೂರಬೇಕು, ಆಮೇಲೆ ಎರಡು ಕಾಲೂ ಒಟ್ಟಿಗೆ ಒಳಕ್ಕೆ. ಸೀಟಿನ ಮೇಲೆ ಒಂದು ಪ್ಲಾಸ್ಟಿಕ್ ಕವರ್ ಹಾಸಿಡು, ಕೂತ ಜಾಗದಲ್ಲೇ ಸಲೀಸಾಗಿ ತಿರುಗ್ತಾರೆ. ಮಂಡಿಗೆ ನೋವಾಗಲ್ಲ.

ತಮ್ಮ: ಇದು ನನಗೆ ತಿಳಿದೇ ಇರಲಿಲ್ಲ. ನಾನು ತಲೆ ಬಗ್ಗಿಸಿ ಹಿಡಿದು ಒಳಗೆ ತಳ್ತಿದ್ದೆ.

ಅಕ್ಕ: ಎಲ್ಲರೂ ಹಾಗೇ ಮಾಡೋದು. ಇನ್ನು ಮೆಟ್ಟಿಲು. ಹತ್ತುವಾಗ ಗಟ್ಟಿ ಕಾಲು ಮೊದಲು, ನೋವಿನ ಕಾಲು ಹಿಂದಿನಿಂದ. ಇಳಿಯುವಾಗ ನೋವಿನ ಕಾಲು ಮೊದಲು. ಒಂದು ಮೆಟ್ಟಿಲಿಗೆ ಎರಡೂ ಪಾದ ಬಂದ ಮೇಲೇ ಮುಂದಿನ ಮೆಟ್ಟಿಲು. ನೀನು ಯಾವಾಗಲೂ ಅವರಿಗಿಂತ ಕೆಳಗಿರಬೇಕು: ಹತ್ತುವಾಗ ಹಿಂದೆ, ಇಳಿಯುವಾಗ ಮುಂದೆ. ಅವರ ರಟ್ಟೆ ಹಿಡಿದು ಎಳೀಬೇಡ. ನಿನ್ನ ಮುಂಗೈ ಕೊಡು, ಅವರು ಹಿಡ್ಕೊಳ್ಳಲಿ. ಹಿಡಿಯೋದೂ ಬಿಡೋದೂ ಅವರ ಕೈಲಿರಬೇಕು.

ತಮ್ಮ: ಮಾತ್ರೆಗಳು?

ಅಕ್ಕ: ಬೆಳಗ್ಗೆ ನೀರು ಮಾತ್ರೆ ತಗೊಳ್ತಾರೆ, ಮೂರು ನಾಲ್ಕು ಗಂಟೆ ಪದೇ ಪದೇ ಹೋಗಬೇಕಾಗುತ್ತೆ. ಪಂದ್ಯ ಸಂಜೆ ಆದ್ದರಿಂದ ಅಷ್ಟು ತೊಂದರೆ ಇಲ್ಲ. ಆದರೂ ಡಾಕ್ಟರನ್ನ ಕೇಳದೆ ಹೊತ್ತು ಬದಲಾಯಿಸೋದು, ಅವತ್ತೊಂದು ದಿನ ಬಿಟ್ಟುಬಿಡೋದು ಬೇಡ. ಇನ್ನೊಂದು ಇದೆ, ಅದನ್ನ ಯಾರೂ ಗಮನಿಸಲ್ಲ. ವಯಸ್ಸಾದವರು ಪ್ರಯಾಣ ಅಂದ್ರೆ ನೀರು ಕುಡಿಯೋದೇ ನಿಲ್ಲಿಸ್ತಾರೆ, ಬಾತ್‌ರೂಮು ಹುಡುಕಬೇಕಲ್ಲ ಅಂತ. ಬಾಯಿ ಒಣಗುತ್ತೆ, ಬಿಪಿ ಇಳಿಯುತ್ತೆ, ಎದ್ದು ನಿಂತ ತಕ್ಷಣ ಕಣ್ಣು ಕತ್ತಲೆ. ಆಸ್ಪತ್ರೆಗೆ ಹೀಗೆ ಬಿದ್ದು ಬಂದವರನ್ನ ಎಷ್ಟೋ ನೋಡಿದೀನಿ. ಮದುವೆಗೆ ಹೋಗಿದ್ದರು, ತಿರುಪತಿಗೆ ಹೋಗಿದ್ದರು ಅಂತ ಹೇಳ್ತಾರೆ; ನಿಜವಾದ ಕಾರಣ ಬೆಳಗ್ಗೆಯಿಂದ ಒಂದು ಲೋಟ ನೀರು ಕುಡಿಯದಿದ್ದದ್ದು. ಆದ್ದರಿಂದ ಒಳಗೆ ಹೋದ ಕೂಡಲೇ ನೀನು ಮಾಡಬೇಕಾದ ಮೊದಲ ಕೆಲಸ, ಸೀಟಿನಿಂದ ಶೌಚಾಲಯ ಎಷ್ಟು ದೂರ ಅಂತ ಅಪ್ಪನಿಗೆ ತೋರಿಸೋದು. ದಾರಿ ಗೊತ್ತಿದ್ರೆ ಧೈರ್ಯವಾಗಿ ನೀರು ಕುಡೀತಾರೆ.

ತಮ್ಮ: ಡೈಪರ್?

ಅಕ್ಕ: ಇರಲಿ, ಆದರೆ ಮಾತು ಎತ್ತೋಳು ನಾನು, ನೀನಲ್ಲ. ಅದೂ ಮೊಮ್ಮಕ್ಕಳ ಎದುರಿಗಲ್ಲ. ‘ದೂರದ ದಾರಿ, ಟ್ರಾಫಿಕ್ಕಲ್ಲಿ ಸಿಕ್ಕಿಕೊಂಡ್ರೆ ಇರಲಿ ಅಂತ’ ಅಂದು ಬ್ಯಾಗಲ್ಲಿಟ್ಟು ಬಿಡ್ತೀನಿ. ಹಾಕ್ಕೊಳ್ಳೋದು ಬಿಡೋದು ಅವರಿಗೆ ಸೇರಿದ್ದು. ಅವರ ಮಾನ ಹೋದ್ರೆ ನೀನು ತೋರಿಸೋ ಪಂದ್ಯ ಯಾರಿಗೆ ಬೇಕು?

ತಮ್ಮ: ವೀಲ್‌ಚೇರ್ ವಿಷಯದಲ್ಲೂ ಅದೇ ತೊಡಕು. ‘ಹೆಣದ ಹಾಗೆ ತಳ್ಳಿಸ್ಕೊಂಡು ಬರಲ್ಲ’ ಅಂದುಬಿಟ್ರು.

ಅಕ್ಕ: ಅದಕ್ಕೊಂದು ದಾರಿ ಇದೆ. ಕಾರಿಳಿದ ಜಾಗದಿಂದ ಸ್ಟ್ಯಾಂಡಿನ ಬಾಗಿಲವರೆಗೆ ಕುರ್ಚಿ. ಬಾಗಿಲಿಂದ ಸೀಟಿನವರೆಗೆ ನಡಿಗೆ. ಗ್ಯಾಲರಿಗೆ ಅವರು ತಮ್ಮ ಕಾಲ ಮೇಲೆ ನಡೆದು ಹೋಗಲಿ. ‘ಕಾಲಿನ ದಮ್ಮು ಸೆಕೆಂಡ್ ಹಾಫಿಗೆ ಉಳಿಸ್ಕೊಳ್ಳಿ ಅಪ್ಪ’ ಅಂತ ಹೇಳು. ಆಟ ಆಡಿದವರಿಗೆ ಆ ಮಾತು ಹಿಡಿಸುತ್ತೆ.

ತಮ್ಮ: ಹಿಡಿಸುತ್ತೆ! ಸೀಟು ಮಾತ್ರ ಸಾಲಿನ ಅಂಚಿಂದೇ ಬೇಕು. ಬೇರೆಯವರ ಕಾಲು ದಾಟಿ ಒಳಗೆ ನುಗ್ಗೋ ಹಾಗಿರಬಾರದು. ತೀರಾ ಮೇಲೆ ಬೇಡ. ಡೋಲು ಬಡಿದು ತೊಂಬತ್ತು ನಿಮಿಷವೂ ನಿಂತೇ ಹಾಡೋ ವೆಸ್ಟ್ ಬ್ಲಾಕ್ ಹುಡುಗರ ಹತ್ತಿರವೂ ಬೇಡ. ಅವರ ಹಾಡು ದೂರದಿಂದ ಕೇಳಲಿ. ಇನ್ನೊಂದು ತೊಂದರೆ ಇದೆ ಅಕ್ಕ: ಗೋಲು ಬೀಳೋ ಹೊತ್ತಿಗೆ ಮುಂದಿನವರೆಲ್ಲ ಎದ್ದು ನಿಲ್ತಾರೆ. ಕೂತವರಿಗೆ ಬರೀ ಬೆನ್ನು ಕಾಣುತ್ತೆ. ಇಡೀ ಪಂದ್ಯಕ್ಕೆ ಒಂದೇ ಗೋಲು ಬಿದ್ದು ಅದೇ ಕಾಣದೆ ಹೋದ್ರೆ!

ಅಕ್ಕ: ಮುಂದಿನ ಸಾಲಿನವರಿಗೆ ಮೊದಲೇ ಹೇಳಿದ್ರಾಯ್ತು. ‘ಇವರು ಕೆಜಿಎಫ್ ಮೈನ್ಸ್ ಟೀಮಲ್ಲಿ ಆಡಿದವರು, ಬೇಗ ಏಳೋಕಾಗಲ್ಲ’ ಅಂತ ಹೇಳು. ಫುಟ್‌ಬಾಲ್ ನೋಡೋಕೆ ಬಂದವರು ತಾವಾಗಿ ಜಾಗ ಬಿಡ್ತಾರೆ, ನೋಡ್ತಿರು. ತಾವೇ ಎದ್ದು ನಿಲ್ಲೋದಾದ್ರೆ, ಬಹಳ ಹೊತ್ತು ಕೂತಿದ್ದವರು ದಿಢೀರನೆ ಏಳಬಾರದು. ಮೊದಲು ಕೂತಲ್ಲೇ ಪಾದ ಮೇಲೆ ಕೆಳಗೆ ಆಡಿಸಬೇಕು, ಸೀಟಿನ ತುದಿಗೆ ಬರಬೇಕು, ಆಮೇಲೆ ನಿಲ್ಲಬೇಕು. ಪಂದ್ಯ ನಡೀತಿರುವಾಗ ಹತ್ತು ಹತ್ತು ನಿಮಿಷಕ್ಕೆ ಪಾದ ಆಡಿಸ್ತಾ ಇರೋಕೆ ಹೇಳು. ಇನ್ಹೇಲರು ಬ್ಯಾಗಲ್ಲಲ್ಲ, ಷರಟಿನ ಜೇಬಲ್ಲಿ. ಅದರ ಜತೆ ಒಂದು ಚೀಟಿ: ಹೆಸರು, ತಗೊಳ್ಳೋ ಮಾತ್ರೆಗಳು, ನಿನ್ನ ನಂಬರು, ನನ್ನ ನಂಬರು. ಸ್ವೆಟರು, ಕಿವಿ ಮುಚ್ಚೋ ಮಂಕಿ ಕ್ಯಾಪು. ಸಂಜೆಯ ಬೆಂಗಳೂರು ಚಳಿ ಅವರ ಎದೆಗೆ ಆಗಲ್ಲ. ಕಲ್ಲಿನಂಥ ಸೀಟಿಗೆ ಒಂದು ದಿಂಬು.

ತಮ್ಮ: ನೀರಿನ ಬಾಟಲಿ, ಹೊರಗಿನ ತಿಂಡಿ ಸಾಮಾನ್ಯವಾಗಿ ಗೇಟಲ್ಲಿ ಬಿಡಲ್ಲ. ಊರುಗೋಲು ಕಂಡ್ರೂ ಒಮ್ಮೊಮ್ಮೆ ತಡೆದು ಕೇಳ್ತಾರೆ. ಆದ್ದರಿಂದ ಕ್ಲಬ್ಬಿಗೆ ಮೊದಲೇ ಬರೆದು ಕೇಳ್ತೀನಿ: ಮುದುಕರು ಬರ್ತಿದಾರೆ, ಕೋಲು, ಔಷಧಿ, ಸಕ್ಕರೆ ಇಳಿದ್ರೆ ತಿನ್ನೋಕೆ ನಾಲ್ಕು ಬಿಸ್ಕತ್ತು ಬೇಕೇ ಬೇಕು, ಯಾವ ಗೇಟಿಗೆ ಬರಬೇಕು ಅಂತ. ಉತ್ತರವನ್ನ ಪ್ರಿಂಟ್ ಹಾಕಿಸಿ ಜೇಬಲ್ಲಿಟ್ಟುಕೊಂಡರೆ ಗೇಟಲ್ಲಿ ವಾದ ಮಾಡೋ ಕೆಲಸ ಇಲ್ಲ. ಅದಕ್ಕೂ ಮುಂಚೆ ನಾನೊಬ್ಬನೇ ಒಂದು ಪಂದ್ಯಕ್ಕೆ ಹೋಗಿ ಎಲ್ಲಿ ಕಂಬಿ ಇದೆ, ಎಲ್ಲಿ ಇಲ್ಲ, ಎಲ್ಲಿ ಕೂತು ಉಸಿರು ತಗೋಬಹುದು ಅಂತ ನೋಡಿಕೊಂಡು ಬರ್ತೀನಿ.

ಅಕ್ಕ: ಮುಗಿಯೋಕೆ ಹತ್ತು ನಿಮಿಷ ಇರುವಾಗಲೇ ಹೊರಟುಬಿಡಿ. ಜನ ಏಳೋ ಮುಂಚೆ ಗೇಟು ದಾಟಬಹುದು.

ತಮ್ಮ: ಅದೊಂದು ಮಾತ್ರ ಆಗಲ್ಲ ಅಕ್ಕ. ಪಂದ್ಯ ಬದಲಾಗೋದೇ ಆ ಹತ್ತು ನಿಮಿಷದಲ್ಲಿ. ಕೊನೇ ವಿಸಿಲ್‌ಗಿಂತ ಮುಂಚೆ ಎಬ್ಬಿಸಿದ್ರೆ ದಾರಿಯುದ್ದಕ್ಕೂ ಅವರು ಒಂದು ಮಾತೂ ಆಡಲ್ಲ. ಬೇಗ ಹೊರಡೋ ಬದಲು ತಡವಾಗಿ ಹೊರಡೋಣ. ಎಲ್ಲರೂ ಹೋಗಲಿ, ಗ್ಯಾಲರಿ ಖಾಲಿಯಾಗಲಿ. ಆಟಗಾರರು ಸುತ್ತು ಹಾಕಿ ಚಪ್ಪಾಳೆ ತಟ್ಟೋದನ್ನೂ ನೋಡಲಿ. ಆಮೇಲೆ ನಿಧಾನಕ್ಕೆ ಇಳಿಯೋಣ. ನೀನು ಹೆದರೋ ನೂಕುನುಗ್ಗಲಿಗೂ ಅದೇ ಸರಿಯಾದ ಉಪಾಯ.

ಅಕ್ಕ: ಒಪ್ಪಿದೆ. ಹಾಗಾದ್ರೆ ಒಬ್ಬರ ಕೈಲಾಗೋ ಕೆಲಸ ಅಲ್ಲ ಇದು. ಒಬ್ಬರು ಅಪ್ಪನ ಪಕ್ಕ ಬಿಟ್ಟು ಕದಲಬಾರದು. ಕಾಫಿ, ಕಾರು, ಪೊಲೀಸು, ಏನೇ ಇದ್ರೂ ಓಡಾಡೋಕೆ ಇನ್ನೊಬ್ಬರು ಬೇಕು.

ತಮ್ಮ: ಆ ಇನ್ನೊಬ್ಬಳು ನೀನೇ. ನಾನು ಇಷ್ಟು ದೂರ ಬಂದಿದ್ದು ಅದಕ್ಕೇ.

ಅಕ್ಕ: ನಾನಾ? ಸ್ಟೇಡಿಯಮ್ಮಿನ ಒಳಗೆ ಕಾಲಿಟ್ಟವಳಲ್ಲ ನಾನು. ಇರಲಿ, ಅದು ಆಮೇಲೆ. ಮೊದಲು ಒಂದು ಪರೀಕ್ಷೆ ಆಗಬೇಕು. ಎರಡು ಗಂಟೆ ಹೊತ್ತು ಹೊರಗೆ ಕೂರೋ ತ್ರಾಣ ಅವರಿಗೆ ಇದೆಯಾ? ದಾರಿ ಸೇರಿ ಐದಾರು ಗಂಟೆ ತಡೀತಾರಾ? ಇಲ್ಲೇ ಹತ್ತಿರದಲ್ಲಿ ಒಂದು ಪಂದ್ಯ ನೋಡಲಿ.

ತಮ್ಮ: ಕೆಜಿಎಫ್‌ಗೇ ಹೋಗೋಣ. ಗಣಿ ಮುಚ್ಚಿದ್ರೂ ಹುಡುಗರು ಆಟ ಬಿಟ್ಟಿಲ್ಲ. ಭಾನುವಾರ ಬೆಳಗ್ಗೆ ಗೆರೆ ಪಕ್ಕದಲ್ಲಿ ಒಂದು ಪ್ಲಾಸ್ಟಿಕ್ ಕುರ್ಚಿ ಹಾಕಿಸಿ ಕೂರಿಸೋಣ. ಹಳಬರು ಯಾರಾದ್ರೂ ಸಿಕ್ಕೇ ಸಿಗ್ತಾರೆ.

ಅಕ್ಕ: ಗಾಳಿ ಎದ್ದ ದಿನ ಬೇಡ. ಸೈನೈಡ್ ದಿಬ್ಬದ ದೂಳು ಹಾರಿ ಬಂದ್ರೆ ಅವರ ಎದೆ ಕೇಳಲ್ಲ. ಮಳೆ ಬಂದು ನೆಲ ನೆಂದ ಮಾರನೇ ದಿನ ಆದ್ರೆ ಒಳ್ಳೇದು. ಮಾಸ್ಕ್ ಹಾಕಿಸೋಣ.

ತಮ್ಮ: ಇನ್ನೊಂದು ದಾರೀನೂ ಯೋಚಿಸಿದ್ದೆ. ಬೆಂಗಳೂರಿನ ಅಶೋಕನಗರದಲ್ಲಿ ರಾಜ್ಯ ಫುಟ್‌ಬಾಲ್ ಸಂಸ್ಥೆಯ ಕ್ರೀಡಾಂಗಣ ಇದೆಯಲ್ಲ, ಸೂಪರ್ ಡಿವಿಷನ್ ಪಂದ್ಯಗಳು ನಡೆಯೋ ಜಾಗ. ಚಿಕ್ಕದು, ಜನ ಕಡಿಮೆ, ಓಟದ ಟ್ರ್ಯಾಕ್ ಇಲ್ಲ, ಆಟಗಾರರ ಕೂಗಾಟವೂ ಕೇಳಿಸುತ್ತೆ. ಹಗಲು ಪಂದ್ಯ ಆದ್ರೆ ಚಳಿ ಇಲ್ಲ. ಬೆಂಗಳೂರು ಎಫ್‌ಸಿ 2013ರಲ್ಲಿ ಹುಟ್ಟಿ ಮೊದಲ ವರ್ಷವೇ ಐ-ಲೀಗ್ ಗೆದ್ದಾಗ ಅದೇ ಅವರ ಮನೆ ಮೈದಾನ. ನಿಜ ಹೇಳಬೇಕು ಅಂದ್ರೆ ಮುದುಕರಿಗೆ ಅದಕ್ಕಿಂತ ಒಳ್ಳೆ ಜಾಗ ಇಲ್ಲ. ಅಪ್ಪನ್ನ ಕೇಳಿದೆ.

ಅಕ್ಕ: ಏನಂದ್ರು?

ತಮ್ಮ: ‘ಅದಕ್ಕೂ ಬರ್ತೀನಿ. ಇದರ ಬದಲಿಗೆ ಅಲ್ಲ’ ಅಂದ್ರು.

ಅಕ್ಕ: ಬುದ್ಧಿ ಇನ್ನೂ ಚುರುಕಾಗೇ ಇದೆ! ಇವತ್ತು ಯಾವ ವಾರ ಅಂತ ಮೂರು ಸಲ ಕೇಳಿದ್ರು ಗೊತ್ತಾ? ಮಧ್ಯಾಹ್ನ ಏನು ಉಂಡೆ ಅನ್ನೋದು ನೆನಪಿರಲ್ಲ. ಆದರೆ ಆಗಿನ ಟೀಮಿನ ಹನ್ನೊಂದು ಜನದ ಹೆಸರು ಕೇಳಿ ನೋಡು, ಗೋಲ್‌ಕೀಪರಿಂದ ಶುರು ಮಾಡಿ ಒಂದೂ ತಪ್ಪಲ್ಲ.

ತಮ್ಮ: ಸ್ಕಾಟ್ಲೆಂಡಿನಲ್ಲಿ ಇದನ್ನೇ ಇಟ್ಟುಕೊಂಡು ಒಂದು ಕೆಲಸ ನಡೆದಿದೆ ಅಕ್ಕ. ಅಲ್ಲಿನ ಫುಟ್‌ಬಾಲ್ ಮ್ಯೂಸಿಯಮ್ಮೂ ಅಲ್ಝೈಮರ್ ಸ್ಕಾಟ್ಲೆಂಡ್ ಅನ್ನೋ ಸಂಸ್ಥೆಯೂ ಸೇರಿ, ಮರೆವಿನ ಕಾಯಿಲೆ ಇರೋ ಹಿರಿಯರನ್ನ ಕೂರಿಸಿಕೊಂಡು ಹಳೇ ಪಂದ್ಯಗಳ ಫೋಟೋ ತೋರಿಸಿ ಮಾತಾಡಿಸ್ತಾರೆ. ಮನೇಲಿ ಬಾಯೇ ಬಿಡದವರು ಅಲ್ಲಿ ಯಾರು ಯಾರಿಗೆ ಪಾಸ್ ಕೊಟ್ಟ ಅಂತ ವಾದಕ್ಕಿಳೀತಾರಂತೆ. ನಮ್ಮಲ್ಲಿ ಫೋಟೋಗಳಿಗೆ ಬರವೇ? ಮಾತಿಗೆ ಬರವೇ? 1937ರಲ್ಲಿ ರೋವರ್ಸ್ ಕಪ್ ಗೆದ್ದ ಮೊದಲ ಭಾರತೀಯ ತಂಡ ಬೆಂಗಳೂರು ಮುಸ್ಲಿಮ್ಸ್. ಮಾರನೇ ವರ್ಷವೂ ಅವರದೇ ಕಪ್ಪು. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಫ್ರಾನ್ಸಿನ ಮೇಲೆ ಭಾರತದ ಗೋಲು ಹೊಡೆದ ಸಾರಂಗಪಾಣಿ ರಾಮನ್ ನಮ್ಮ ಬೆಂಗಳೂರಿನವರು. ಆ ಪಂದ್ಯದಲ್ಲಿ ನಮ್ಮವರು ಹೆಚ್ಚಿನವರು ಆಡಿದ್ದು ಬರಿಗಾಲಲ್ಲಿ.

ಅಕ್ಕ: ಅಪ್ಪನೂ ಮೊದಮೊದಲು ಬರಿಗಾಲೇ. ಕಣಕಾಲಿಗೆ ಪಟ್ಟಿ ಬಿಗಿದುಕೊಂಡು ಆಡ್ತಿದ್ರು. ಈಗಲೂ ಸ್ನಾನ ಆದ ಮೇಲೆ ಬಲಗಾಲ ಹೆಬ್ಬೆರಳ ಉಗುರನ್ನ ನೋಡ್ಕೊಳ್ತಾರೆ; ಯಾವುದೋ ಪಂದ್ಯದಲ್ಲಿ ಒಡೆದುಹೋಗಿ ಮತ್ತೆ ನೆಟ್ಟಗೆ ಬೆಳೀಲೇ ಇಲ್ಲ. ಎಣ್ಣೆ ಹಚ್ಚೋಕೆ ಹೋದ್ರೆ ಆ ಬೆರಳಿಗೆ ಮಾತ್ರ ತಾವೇ ಹಚ್ಕೊಳ್ತಾರೆ.

ತಮ್ಮ: ಸಂತೋಷ್ ಟ್ರೋಫಿ ದಿನ ನಿನಗೆ ನೆನಪಿದೆಯಾ? 1968-69ರಲ್ಲಿ ಮೈಸೂರು ಹೆಸರಲ್ಲಿ ಗೆದ್ದಾಗ ಅಪ್ಪ ಇಪ್ಪತ್ತು ದಾಟಿದ ಹುಡುಗ. ಮತ್ತೆ ಕರ್ನಾಟಕ ಗೆದ್ದಿದ್ದು 2023ರ ಮಾರ್ಚ್ 4ಕ್ಕೆ, ರಿಯಾದ್‌ನಲ್ಲಿ, ಮೇಘಾಲಯದ ಮೇಲೆ 3-2. ನಡುವೆ 54 ವರ್ಷ. ನನ್ನ ಮೊಬೈಲಲ್ಲೇ ಒಟ್ಟಿಗೆ ನೋಡಿದ್ವಿ. ಗೆದ್ದಾಗ ಅವರು ಹೇಳಿದ್ದು ಒಂದೇ ಮಾತು, ‘ಅಲ್ಲಿರಬೇಕಿತ್ತು.’ ಅದೇ ವರ್ಷ ಜುಲೈ 4ಕ್ಕೆ ಭಾರತ ಕುವೈತನ್ನ ಪೆನಾಲ್ಟೀಲಿ ಸೋಲಿಸಿ ಸ್ಯಾಫ್ ಕಪ್ ಗೆದ್ದಿದ್ದು ಇಲ್ಲೇ, ಕಂಠೀರವದಲ್ಲಿ. ಆಗಲೂ ಅಪ್ಪ ಟಿವಿ ಮುಂದೆ. ಛೆಟ್ರಿಗೂ ನಲವತ್ತು ದಾಟಿತು, ಅಪ್ಪನಿಗೆ ಎಂಬತ್ತು. ಇಬ್ಬರಲ್ಲಿ ಯಾರೂ ನಮಗೋಸ್ಕರ ಕಾಯಲ್ಲ.

ಅಕ್ಕ: ಸರಿ, ನಾನೂ ಬರ್ತೀನಿ. ಆದರೆ ನನ್ನ ಷರತ್ತು ಕೇಳು. ಅವತ್ತು ಬೆಳಗ್ಗೆ ಉಸಿರು ಭಾರ ಅನ್ನಿಸಿದ್ರೆ, ಕಾಲು ಊದಿದ್ರೆ, ಜ್ವರ ಇದ್ರೆ, ಟಿಕೆಟ್ ಹರಿದು ಹಾಕು. ದುಡ್ಡು ಹೋಯ್ತು ಅಂತ ಮುಖ ಸಣ್ಣ ಮಾಡಬಾರದು. ಅಲ್ಲಿ ಹೋದ ಮೇಲೆ ‘ಸಾಕು, ಹೋಗೋಣ’ ಅಂತ ಅವರೇ ಅಂದ್ರೆ, ಇಪ್ಪತ್ತನೇ ನಿಮಿಷವಾದರೂ ಸರಿ, ಏಳಬೇಕು. ‘ಇನ್ನೊಂಚೂರು ಇರಿ ಅಪ್ಪ’ ಅನ್ನಬಾರದು. ಫೋಟೋ ತೆಗೀತೀನಿ, ಸ್ಟೇಟಸ್ ಹಾಕ್ತೀನಿ ಅಂತ ಅವರನ್ನ ಅಲ್ಲಿ ನಿಲ್ಲಿಸು, ಇಲ್ಲಿ ತಿರುಗಿಸು ಅನ್ನೋದೂ ಬೇಡ. ಅವರು ಹೋಗೋದು ಆಟ ನೋಡೋಕೆ.

ತಮ್ಮ: ಒಪ್ಪಿದೆ, ಪೂರ್ತಿ. ನನಗೆ ಹೊಟ್ಟೆ ಉರಿಯೋದು ಬೇರೆ ವಿಷಯಕ್ಕೆ. ಇಷ್ಟೆಲ್ಲ ಏರ್ಪಾಟು ಮನೆಯವರೇ ಯಾಕೆ ಮಾಡ್ಕೋಬೇಕು? ಅಂಗವಿಕಲರ ಹಕ್ಕುಗಳ 2016ರ ಕಾಯ್ದೆ ಸಾರ್ವಜನಿಕ ಕಟ್ಟಡಗಳು ಎಲ್ಲರೂ ಒಳಗೆ ಹೋಗೋ ಹಾಗಿರಬೇಕು ಅನ್ನುತ್ತೆ, ಹಳೇ ಕಟ್ಟಡ ಸರಿ ಮಾಡೋಕೆ ನಿಯಮ ಬಂದ ದಿನದಿಂದ ಐದು ವರ್ಷ ಗಡುವನ್ನೂ ಕೊಟ್ಟಿತ್ತು. ನಿಯಮ ಬಂದಿದ್ದು 2017ರಲ್ಲಿ. ಇಂಗ್ಲೆಂಡಿನ ಪ್ರೀಮಿಯರ್ ಲೀಗ್ ಕ್ಲಬ್ಬುಗಳು 2015ರಲ್ಲಿ ಕೂತು, ಎರಡು ವರ್ಷದೊಳಗೆ ಎಲ್ಲಾ ಮೈದಾನದಲ್ಲೂ ವೀಲ್‌ಚೇರಿನವರಿಗೆ ಜಾಗ, ಶೌಚಾಲಯ ಮಾಡ್ತೀವಿ ಅಂತ ಮಾತು ಕೊಟ್ಟವು. ನಮ್ಮಪ್ಪನಂಥವರ ಪಾಡು ಇನ್ನೂ ಬೇರೆ. ಅವರ ಹತ್ತಿರ ಅಂಗವಿಕಲರ ಕಾರ್ಡ್ ಇಲ್ಲ. ಮಂಡಿ ಸವೆದಿದೆ, ಉಸಿರು ಕಡಿಮೆ, ಅಷ್ಟೆ. ಮುಪ್ಪಿಗೆ ಯಾರೂ ಕಾರ್ಡ್ ಕೊಡಲ್ಲ. ಸರ್ಕಾರಿ ಆಫೀಸಿನಿಂದ ಹಿಡಿದು ಮದುವೆ ಛತ್ರದವರೆಗೆ ಎಲ್ಲಿ ನೋಡಿದ್ರೂ ಮೆಟ್ಟಿಲು ಇದೆ, ಕಂಬಿ ಇಲ್ಲ.

ಅಕ್ಕ: ಕಂಬಿ ಒಂದಿದ್ರೆ ಅರ್ಧ ಜನ ಬೀಳಲ್ಲ. ಲಿಫ್ಟು ಬೇಡ, ಎಸ್ಕಲೇಟರು ಬೇಡ. ಮೆಟ್ಟಿಲ ಪಕ್ಕ ಕೈಗೆ ಸಿಗೋ ಎತ್ತರಕ್ಕೆ ಒಂದು ಕಬ್ಬಿಣದ ಪೈಪು. ಗೇಟಿನ ಒಳಗೆ ಉಸಿರು ತಗೊಳ್ಳೋಕೆ ನಾಲ್ಕು ಕುರ್ಚಿ. ಸೀಟಿನ ಮಟ್ಟದಲ್ಲೇ ಒಂದು ಶೌಚಾಲಯ, ಒಳಗೆ ಹಿಡ್ಕೊಂಡು ಏಳೋಕೆ ಒಂದು ಹಿಡಿ. ಹಿರಿಯರ ಜತೆ ಬಂದವರಿಗೆ ಅಂತ ಅಂಚಿನ ಸೀಟು ಕೆಲವು ಮೀಸಲು. ಕೆಜಿಎಫ್ ಗ್ರೌಂಡಲ್ಲೂ ಇದು ಬೇಕು, ಕೋಲಾರದ ಕ್ರೀಡಾಂಗಣದಲ್ಲೂ ಬೇಕು, ಕಂಠೀರವದಲ್ಲೂ ಬೇಕು. ಗಣಿಯಲ್ಲಿ ದುಡಿದ ಮುದುಕರು ಒಬ್ಬಿಬ್ಬರಲ್ಲ ಈ ಜಿಲ್ಲೇಲಿ. ಆಡಿದವರು, ನೋಡಿದವರು ಇನ್ನೂ ಇದಾರೆ.

ತಮ್ಮ: ಹಾಗಾದ್ರೆ ಕ್ಲಬ್ಬಿಗೆ ಬರೆಯೋ ಕಾಗದದ ಜತೆ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಗೂ ಒಂದು ಅರ್ಜಿ ಬರೀತೀನಿ. ನೀನು ಈಗ ಹೇಳಿದ ನಾಲ್ಕೂ ಬೇಡಿಕೆ ಅದರಲ್ಲಿರುತ್ತೆ.

ಅಕ್ಕ: ಬರಿ. ಕನ್ನಡದಲ್ಲೇ ಬರಿ, ಒಂದು ಪುಟ ದಾಟದ ಹಾಗೆ. ಆದರೆ ನಿನ್ನ ಹೆಸರಲ್ಲಿ ಬೇಡ, ನನ್ನ ಹೆಸರಲ್ಲೂ ಬೇಡ. ಮೊದಲು ಅವರಿಗೆ ಓದಿ ಹೇಳು, ತಿದ್ದೋದಿದ್ರೆ ತಿದ್ದಲಿ. ಕೆಳಗೆ ಅಪ್ಪನೇ ಸಹಿ ಹಾಕ್ತಾರೆ.